ಬನಶಂಕರಿ ಒಂದನೇ ಹಂತದಿಂದ ಆರನೇ ಹಂತಕ್ಕೆ

ಹನುಮಂತನಗರದ ರಸ್ತೆಗಳು ಅಗಲವಾದವೇನಲ್ಲ. ಒಂದಕ್ಕೆ ‘ಐವತ್ತಡಿ ರಸ್ತೆ’ ಎಂದು ಹೆಸರಿಟ್ಟು ಬೀಗಬೇಕಾದಷ್ಟು ಮಿಕ್ಕವು ಕಿರಿದು. ರಾಮಾಂಜನೇಯ ಗುಡ್ಡ, ಕುಮಾರಸ್ವಾಮಿ ದೇವಸ್ಥಾನದ ಗುಡ್ಡಗಳ ಆಜುಬಾಜಿನಲ್ಲಿ ಏರುತ್ತ ಇಳಿಯುತ್ತ ಹೋಗುವ ಇಲ್ಲಿನ ಅಡ್ಡರಸ್ತೆಗಳಲ್ಲಿ ಕಾರಿನವರು ಬೈದುಕೊಂಡೇ ಓಡಾಡುತ್ತಾರೆ. ನಡೆಯುವವರಿಗೆ ಮಾತ್ರ ಇಂಥ ಬಡಾವಣೆ ಬೆಂಗಳೂರಿನಲ್ಲಿ ಇನ್ನೊಂದು ಸಿಗುವುದು ಕಷ್ಟ. ಇಲ್ಲಿಂದ ಹೊರಟರೆ ಗವಿಪುರ ಹತ್ತು ನಿಮಿಷ, ಬಸವಣ್ಣನ ಗುಡಿ ಅಷ್ಟೇ ದೂರ, ಗಾಂಧಿಬಜಾರು ಇನ್ನೊಂದಿಷ್ಟು ಹೆಜ್ಜೆ. ಕೆಂಪಾಂಬುಧಿ ಕೆರೆಯ ಪಕ್ಕದಿಂದ ಹಾದರೆ ಅರ್ಧ ಗಂಟೆಯಲ್ಲಿ ಚಾಮರಾಜಪೇಟೆ. ನಾನು ಪಾಠ ಹೇಳುವ ಶಾಲೆ ಇರುವುದು ಚಾಮರಾಜಪೇಟೆಯಲ್ಲೇ. 2005ರಿಂದ 2016ರವರೆಗೆ ಹನ್ನೊಂದು ವರ್ಷ ನಾನು ಆ ದಾರಿಯನ್ನು ಕಾಲಿನಲ್ಲೇ ಸವೆಸಿದೆ. ಬಸ್ಸು ಹತ್ತಿದ್ದು ಮಳೆ ಬಂದಾಗ ಮಾತ್ರ.

ಒಳ್ಳೆಯ ನಗರ ಎಂದರೆ ಯಾವುದು ಎಂಬ ಪ್ರಶ್ನೆಗೆ ಎಂಜಿನಿಯರುಗಳು ನಕ್ಷೆ ಹಾಕಿ ಉತ್ತರ ಹೇಳುತ್ತಾರೆ. ನನಗೆ ಗೊತ್ತಿರುವ ಉತ್ತರ ಇಷ್ಟೆ: ಮನೆ, ಕೆಲಸ, ಸೊಪ್ಪಿನ ಅಂಗಡಿ, ಮಕ್ಕಳ ಶಾಲೆ, ಡಾಕ್ಟರು ಇವೆಲ್ಲ ನಡೆದು ತಲುಪುವ ದೂರದಲ್ಲಿರಬೇಕು, ಆ ದೂರದೊಳಗೆ ವಾಸ ಮಾಡಲು ಕಡಿಮೆ ಸಂಬಳದವನಿಗೂ ಒಂದು ಬಾಗಿಲು ತೆರೆಯಬೇಕು. ಮೊದಲನೆಯದನ್ನು ನಮ್ಮ ಹಿರಿಯರು ಸಾಕಷ್ಟು ಚೆನ್ನಾಗಿಯೇ ಮಾಡಿದ್ದರು. 1892ರಲ್ಲಿ ಚಾಮರಾಜಪೇಟೆ ರೂಪುಗೊಂಡಿತು. 1898ರಲ್ಲಿ ಪ್ಲೇಗು ಬಂದು ಹಳೆಯ ಪೇಟೆಯ ಇಕ್ಕಟ್ಟಿನಿಂದ ಜನ ಹೊರಬೀಳಬೇಕಾದಾಗ ಬಸವನಗುಡಿ, ಮಲ್ಲೇಶ್ವರಗಳು ಹುಟ್ಟಿದವು. ಗಾಳಿ ಬೆಳಕು ಬೇಕೆಂದು ನೇರವಾದ ರಸ್ತೆ, ಮನೆಯ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಸಾಲುಮರ, ನಡುವೆ ಪಾರ್ಕು. ಸಾವಿನ ಭಯ ಕಲಿಸಿದ ನಗರ ಯೋಜನೆ ಅದು. ಅದರ ಅಂಚಿನಲ್ಲಿ ಆಮೇಲೆ ಬೆಳೆದದ್ದು ಹನುಮಂತನಗರ. ಬಸವನಗುಡಿಯ ಬಂಗಲೆಗಳ ಠೀವಿ ಇದಕ್ಕೆ ಬರಲಿಲ್ಲ. ಚಿಕ್ಕ ಸೈಟು, ಚಿಕ್ಕ ಮನೆ, ಮೂಲೆಗೊಂದು ದಿನಸಿ ಅಂಗಡಿ, ಗುಮಾಸ್ತರು, ಮೇಷ್ಟ್ರುಗಳು, ಪ್ರೆಸ್ಸಿನ ಕೆಲಸಗಾರರು. ಹಾಗಾಗಿಯೇ ಇಲ್ಲಿ ವಠಾರಗಳಿದ್ದವು.

ವಠಾರವನ್ನು ಈಗಿನ ಮಕ್ಕಳು ಹಳೆಯ ಧಾರಾವಾಹಿಗಳಲ್ಲಿ ನೋಡಿದ್ದರೆ ಹೆಚ್ಚು. ಉದ್ದನೆಯ ಒಂದು ಜಾಗ. ಮುಂದೆ ಮಾಲೀಕರ ಮನೆ. ಅದರ ಪಕ್ಕದ ಓಣಿಯಲ್ಲಿ ಒಳಗೆ ಹೋದರೆ ಎದುರುಬದುರು ಎರಡು ಸಾಲು ಮನೆಗಳು, ನಡುವೆ ನಲ್ಲಿ, ಬಟ್ಟೆ ಒಗೆಯುವ ಕಲ್ಲು. ಒಂದೊಂದು ಮನೆಗೆ ಒಂದು ಕೋಣೆ, ಒಂದು ಅಡುಗೆಮನೆ. ನಾವಿದ್ದ ವಠಾರದಲ್ಲಿ ಹನ್ನೊಂದು ಸಂಸಾರಗಳಿದ್ದವು. ಮದುವೆ ಮನೆಗಳಿಗೆ ಅಡುಗೆಗೆ ಹೋಗುವ ಭಟ್ಟರು, ಬಿಎಂಟಿಸಿ ಕಂಡಕ್ಟರು, ಹಪ್ಪಳ ಸಂಡಿಗೆ ಮಾಡಿ ಅಂಗಡಿಗಳಿಗೆ ಹಾಕುವ ಒಬ್ಬ ವಿಧವೆ, ಹಾಸನದ ಕಡೆಯಿಂದ ಬಂದು ಎಂಜಿನಿಯರಿಂಗ್ ಓದುತ್ತಿದ್ದ ಮೂವರು ಹುಡುಗರು, ದರ್ಜಿ, ಮತ್ತೆ ನಾವು. ತಿಂಗಳ ಬಾಡಿಗೆ ಮೂರೂವರೆ ಸಾವಿರ, ಹತ್ತು ತಿಂಗಳ ಅಡ್ವಾನ್ಸು. ಮಾಲೀಕರು ನಿವೃತ್ತ ಮೇಷ್ಟ್ರು. ನನ್ನ ಹೆಸರು ಕೇಳಿದರು, ಊರು ಕೇಳಿದರು, ಉರ್ದು ಶಾಲೆಯಲ್ಲಿ ಏಳನೆಯವರೆಗೆ ಓದಿ ಆಮೇಲೆ ಕನ್ನಡ ಮೀಡಿಯಮ್ಮಿಗೆ ಹೇಗೆ ಹೊಂದಿಕೊಂಡೆ ಎಂದು ಕುತೂಹಲದಿಂದ ಕೇಳಿದರು. ಒಂದೇ ಒಂದು ಷರತ್ತು ಹಾಕಿದರು: “ನೋಡಮ್ಮ, ಮಾಂಸ ಬೇಯಿಸಿದ ದಿನ ಹಿಂದಿನ ಕಿಟಕಿ ತೆಗೆದಿರಲಿ, ಮುಂದಿನ ಬಾಗಿಲು ಹಾಕಿರಲಿ.” ಇದನ್ನು ಕೆಲವರು ಅವಮಾನ ಎನ್ನಬಹುದು. ನನಗೆ ಹಾಗನ್ನಿಸಲಿಲ್ಲ. ಹನ್ನೊಂದು ಸಂಸಾರಗಳು ಒಂದು ನಲ್ಲಿಯಲ್ಲಿ ನೀರು ಹಿಡಿಯಬೇಕಾದಲ್ಲಿ ಇಂಥ ಸಣ್ಣ ಒಪ್ಪಂದಗಳು ಬೇಕಾಗುತ್ತವೆ. ಭಟ್ಟರ ಹೆಂಡತಿ ಬೆಳಗಿನ ಜಾವ ನಾಲ್ಕಕ್ಕೆ ರುಬ್ಬುವ ಕಲ್ಲು ತಿರುವುವಾಗ ನಾವೂ ಏನೂ ಅನ್ನುತ್ತಿರಲಿಲ್ಲ. ರಂಜಾನಿನಲ್ಲಿ ಆ ಸದ್ದೇ ನಮ್ಮನ್ನು ಸಹರಿಗೆ ಎಬ್ಬಿಸುತ್ತಿತ್ತು.

ಸರ್ಕಾರದ ಯಾವ ವಸತಿ ಯೋಜನೆಯ ಲೆಕ್ಕಪುಸ್ತಕದಲ್ಲೂ ವಠಾರ ಎಂಬ ಪದ ಇದ್ದಂತೆ ಕಾಣೆ. ಆದರೆ ಐವತ್ತು ಅರವತ್ತು ವರ್ಷ ಬೆಂಗಳೂರಿನ ಸಣ್ಣ ಸಂಬಳದವರಿಗೆ ನಗರದ ಒಳಗೇ ಸೂರು ಕೊಟ್ಟದ್ದು ಇದು. 1945ರಲ್ಲಿ ಸಿಐಟಿಬಿ ಎಂಬ ನಗರ ಸುಧಾರಣಾ ಮಂಡಳಿ ಬಂತು, 1976ರಲ್ಲಿ ಅದರ ಜಾಗಕ್ಕೆ ಬಿಡಿಎ. ಈ ಎರಡೂ ಸಂಸ್ಥೆಗಳು ಮುಖ್ಯವಾಗಿ ಮಾಡಿದ್ದು ಒಂದೇ ಕೆಲಸ: ರೈತರ ಜಮೀನು ತೆಗೆದುಕೊಂಡು ಸೈಟು ಮಾಡಿ ಹಂಚುವುದು. ಅರ್ಜಿ ಹಾಕಿದವನಿಗೆ ಸೈಟು, ಸೈಟು ಸಿಕ್ಕವನಿಗೆ ಬ್ಯಾಂಕಿನ ಸಾಲ, ಸಾಲ ತೀರಿದವನಿಗೆ ಮೇಲೊಂದು ಮಹಡಿ ಕಟ್ಟಿ ಬಾಡಿಗೆಗೆ ಕೊಡುವ ಯೋಗ. ಬಾಡಿಗೆಗೆ ಬರುವವನಿಗೆ ಏನು? ಅವನ ಹೆಸರಿನಲ್ಲಿ ಯಾವ ಅರ್ಜಿ ನಮೂನೆಯೂ ಇಲ್ಲ. ಹತ್ತು ತಿಂಗಳ ಅಡ್ವಾನ್ಸು, ಹನ್ನೊಂದು ತಿಂಗಳ ಕರಾರು, ಅಷ್ಟೆ. 2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯಿದೆ ಎಂದು ಒಂದನ್ನು ಒಪ್ಪಿ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳಬಾರದು ಎಂದಿತು. ಮಾದರಿ ಎಂದರೆ ಮಾದರಿಯೇ. ರಾಜ್ಯಗಳು ಅದನ್ನು ಒಪ್ಪಲೇಬೇಕೆಂದಿಲ್ಲ. ಹನುಮಂತನಗರದ ಬ್ರೋಕರುಗಳ ಮುಂದೆ ಈ ಕಾಯಿದೆಯ ಮಾತೆತ್ತಿದರೆ ಅವರು ಕಾಫಿ ಕುಡಿಸಿ ಕಳಿಸುತ್ತಾರೆ.

ಮೇಷ್ಟ್ರು ತೀರಿಕೊಂಡರು. ಮಕ್ಕಳು ಅಮೆರಿಕದಲ್ಲಿದ್ದರು. 2016ರಲ್ಲಿ ವಠಾರ ಮಾರಾಟವಾಯಿತು. ಮಕ್ಕಳದ್ದು ತಪ್ಪು ಎನ್ನಲಾರೆ, ಅಡ್ವಾನ್ಸನ್ನು ಒಂದು ರೂಪಾಯಿ ಹಿಡಿಯದೆ ವಾಪಸು ಕೊಟ್ಟರು. ಈಗ ಆ ಜಾಗದಲ್ಲಿ ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟ್ ಇದೆ. ನೆಲದ ಅಂತಸ್ತು ಪೂರ್ತಿ ಕಾರುಗಳಿಗೆ. ಹನ್ನೊಂದು ಸಂಸಾರಗಳಿದ್ದಲ್ಲಿ ಎಂಟು ಸಂಸಾರಗಳು, ಹತ್ತು ಕಾರು. ಅಲ್ಲಿ ಹಿಡಿಸದೆ ಉಳಿದ ಎರಡು ರಸ್ತೆಯಲ್ಲಿ ನಿಲ್ಲುತ್ತವೆ. ಮನೆ ಕಟ್ಟುವವನು ಕಾರಿಗೆ ಇಷ್ಟು ಜಾಗ ಬಿಡಲೇಬೇಕು ಎಂದು ನಿಯಮವಿದೆ. ಮನೆಗೆಲಸದವಳಿಗೆ, ಕಾವಲುಗಾರನಿಗೆ, ಹತ್ತಿರದ ಶಾಲೆಯ ಟೀಚರಿಗೆ ಒಂದು ಸಣ್ಣ ಮನೆ ಬಿಡಬೇಕು ಎಂಬ ನಿಯಮವನ್ನು ನಮ್ಮ ರಸ್ತೆಯ ಯಾವ ಕಟ್ಟಡದಲ್ಲೂ ನಾನು ಕಂಡಿಲ್ಲ. ಕಾರಿಗೆ ಸಿಕ್ಕ ವಸತಿ ಹಕ್ಕು ಇನ್ನೂ ಮನುಷ್ಯರಿಗೆ ಸಿಕ್ಕಿಲ್ಲ.

ಆಮೇಲೆ ಮನೆ ಹುಡುಕಾಟ. ಅದೇ ಬಡಾವಣೆಯಲ್ಲಿ, ಗವಿಪುರದಲ್ಲಿ, ಶ್ರೀನಗರದಲ್ಲಿ, ಎನ್.ಆರ್. ಕಾಲೋನಿಯಲ್ಲಿ ಹದಿನೇಳು ಮನೆಗಳನ್ನು ವಿಚಾರಿಸಿದೆವು. ಫೋನಿನಲ್ಲಿ ನನ್ನ ಕನ್ನಡ ಕೇಳಿ ಎಲ್ಲರಿಗೂ ಖುಷಿ. “ಯಾವ ಕಡೆಯವರು ನೀವು, ಮೈಸೂರಾ?” ಎಂದು ಕೇಳುತ್ತಿದ್ದರು. ಹೆಸರು ಹೇಳಿದ ಮೇಲೆ ಮನೆ ಆಗಷ್ಟೇ ಬೇರೆಯವರಿಗೆ ಮಾತಾಗಿಬಿಟ್ಟಿರುತ್ತಿತ್ತು. ಕೆಲವರು ಸುಳ್ಳು ಹೇಳುವ ಶ್ರಮ ತೆಗೆದುಕೊಳ್ಳಲಿಲ್ಲ. ಇನ್ನು ಕೆಲವರು ತೀರಾ ಸಜ್ಜನರು: “ನಮಗೇನೂ ಅಭ್ಯಂತರವಿಲ್ಲಮ್ಮ, ಕೆಳಗಿನ ಮನೆಯವರು ಒಪ್ಪುವುದಿಲ್ಲ.” ಆ ಕೆಳಗಿನ ಮನೆಯವರನ್ನು ನೋಡುವ ಆಸೆ ನನಗೆ ಈಗಲೂ ಇದೆ. ಹದಿನೇಳೂ ಕಡೆ ಅವರೇ ವಾಸವಾಗಿದ್ದಾರೆ. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡಿದ್ದ ಕಡೆ ನಾವು ಬೆಲ್ಲು ಒತ್ತಲೇ ಇಲ್ಲ. ಅಲ್ಲಾದರೂ ನಮ್ಮ ಸಮಯ ಉಳಿಯಿತು. ನಾನು ಕತೆ ಬರೆಯುವವಳು. ಕತೆಯಲ್ಲಾದರೆ ಹದಿನೇಳನೆಯ ಮನೆಯ ಮಾಲೀಕನ ಮನಸ್ಸನ್ನು ಕೊನೆಯ ಪ್ಯಾರಾದಲ್ಲಿ ಕರಗಿಸಿಬಿಡಬಹುದಿತ್ತು. ಸಂಪಾದಕರು ಅದನ್ನು ಸೌಹಾರ್ದ ವಿಶೇಷಾಂಕಕ್ಕೆ ಹಾಕುತ್ತಿದ್ದರು.

ಇದು ನನ್ನೊಬ್ಬಳ ಪಾಡೇನಲ್ಲ. ಮುಸ್ಲಿಮರಿಗೆ ಬಾಡಿಗೆಗೋ ಕ್ರಯಕ್ಕೋ ಮನೆ ಸಿಗುವುದು ಕಷ್ಟವಾಗಿದೆ, ಭಯದಿಂದ ಅವರು ಒಂದೇ ಕಡೆ ಗುಂಪಾಗುತ್ತಿದ್ದಾರೆ ಎಂಬ ಜನರ ದೂರನ್ನು 2006ರ ಸಾಚಾರ್ ಸಮಿತಿಯ ವರದಿ ದಾಖಲಿಸಿದೆ. ಕಾನೂನು ಏನೆನ್ನುತ್ತದೆ? ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಲ್ಲಿ ಧರ್ಮ ಜಾತಿಗಳ ಹೆಸರಿನಲ್ಲಿ ಯಾರನ್ನೂ ತಡೆಯಬಾರದು ಎನ್ನುತ್ತದೆ. ಬಾಡಿಗೆ ಮನೆ ಆ ಪಟ್ಟಿಯಲ್ಲಿಲ್ಲ. 2005ರಲ್ಲಿ ಪಾರ್ಸಿಗಳ ಸಹಕಾರಿ ಗೃಹ ಸಂಘವೊಂದರ ಮೊಕದ್ದಮೆಯಲ್ಲಿ, ಸಂಘವು ತನ್ನ ಸದಸ್ಯತ್ವವನ್ನು ತನ್ನವರಿಗಷ್ಟೇ ಸೀಮಿತ ಮಾಡಿಕೊಳ್ಳಬಹುದೆಂದು ಸುಪ್ರೀಂ ಕೋರ್ಟು ಹೇಳಿತು. ಬೇರೆ ದೇಶಗಳು ಇಂಥ ಕಡೆ ಕಾನೂನನ್ನು ಬಳಸಿವೆ. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಒಂದು ವಾರದಲ್ಲಿ, 1968ರ ಏಪ್ರಿಲಿನಲ್ಲಿ, ಮನೆ ಮಾರುವಾಗ ಬಾಡಿಗೆ ಕೊಡುವಾಗ ಬಣ್ಣ ಧರ್ಮಗಳನ್ನು ನೋಡಬಾರದೆಂಬ ಕಾಯಿದೆ ಅಮೆರಿಕದಲ್ಲಿ ಬಂತು. ಬ್ರಿಟನ್ನೂ ಅದೇ ವರ್ಷ ಜನಾಂಗದ ಹೆಸರಿನಲ್ಲಿ ಮನೆ ನಿರಾಕರಿಸುವುದನ್ನು ನಿಷೇಧಿಸಿತು. ಸಿಂಗಪುರದ ಹೆಚ್ಚಿನ ಜನ ಇರುವುದು ಸರ್ಕಾರ ಕಟ್ಟಿದ ಮನೆಗಳಲ್ಲಿ. ಅಲ್ಲಿ ಪ್ರತಿ ಕಟ್ಟಡದಲ್ಲೂ ಚೀನೀಯರು, ಮಲಯರು, ಭಾರತೀಯರು ಬೆರೆತಿರಬೇಕೆಂದು 1989ರಿಂದ ಮಿತಿ ಗೊತ್ತುಮಾಡಿದ್ದಾರೆ. ಅದರಲ್ಲೂ ತೊಡಕುಗಳಿವೆ, ಮನೆ ಮಾರುವಾಗ ಅಲ್ಪಸಂಖ್ಯಾತರಿಗೇ ಗಿರಾಕಿ ಸಿಗದೆ ಪೇಚಾಡುವುದುಂಟು. ಆದರೂ ಯಾರ ಪಕ್ಕ ಯಾರಿರುತ್ತಾರೆ ಎಂಬುದು ಸರ್ಕಾರ ಯೋಚಿಸಬೇಕಾದ ಸಂಗತಿ ಎಂದು ಅವರು ಒಪ್ಪಿಕೊಂಡಿದ್ದಾರೆ. ನಮ್ಮಲ್ಲಿ ಅದು ಕೆಳಗಿನ ಮನೆಯವರ ವಿವೇಚನೆಗೆ ಬಿಟ್ಟದ್ದು.

ಈ ಪತ್ರಿಕೆಯ ಓದುಗರಲ್ಲಿ ಹಲವರು ಇಷ್ಟು ಹೊತ್ತಿಗೆ ತಲೆದೂಗುತ್ತಿರಬಹುದು. ಅವರಿಗೆ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಅದೇ ದಿನಗಳಲ್ಲಿ ನಮ್ಮವರೇ ಹೆಚ್ಚಿರುವ ಒಂದು ಮೊಹಲ್ಲಾದಲ್ಲಿ ಮನೆ ನೋಡಲು ಹೋಗಿದ್ದೆವು. ನನ್ನ ಜತೆ ಶಾಲೆಯ ಸಹೋದ್ಯೋಗಿಯೊಬ್ಬರು ಬಂದಿದ್ದರು, ಅವರಿಗೂ ಮನೆ ಬೇಕಿತ್ತು. ಗಂಡನನ್ನು ಬಿಟ್ಟು ಮಗಳೊಂದಿಗೆ ಇರುವವರು, ದಲಿತರು. ಮನೆಯ ಯಜಮಾನರು ನಮಗೆ ಚಹಾ ಕೊಟ್ಟು, “ಆಪಾ, ನೀವು ಬನ್ನಿ, ಇವತ್ತೇ ಬೀಗದಕೈ ತಗೊಳ್ಳಿ. ಅವರಿಗೆ ಮಾತ್ರ ಆಗುವುದಿಲ್ಲ” ಎಂದರು. ಕಾರಣ ಕೇಳಿದರೆ, ಒಂಟಿ ಹೆಂಗಸು, ಜನ ಏನನ್ನುತ್ತಾರೆ ಎಂದರು. ಎರಡನೆಯ ಕಾರಣವನ್ನು ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಬ್ಯಾಚುಲರ್ ಹುಡುಗರಿಗೆ, ತಲಾಕಾದ ಹೆಣ್ಣುಮಕ್ಕಳಿಗೆ, ಈಶಾನ್ಯದಿಂದ ಬಂದವರಿಗೆ ಬಾಗಿಲು ಹಾಕುವುದರಲ್ಲಿ ನಮ್ಮ ಗಲ್ಲಿಗಳೇನೂ ಹಿಂದೆ ಬಿದ್ದಿಲ್ಲ. ಆ ಮನೆಗೆ ನಾವು ಹೋಗಲಿಲ್ಲ.

ಕೊನೆಗೆ ಮನೆ ಸಿಕ್ಕಿದ್ದು ತಲಘಟ್ಟಪುರದ ಕಡೆ, ಬನಶಂಕರಿ ಆರನೇ ಹಂತದ ಆಸುಪಾಸಿನಲ್ಲಿ. ಮಾಲೀಕರು ದುಬೈಯಲ್ಲಿದ್ದರು, ಬಾಡಿಗೆ ತಿಂಗಳು ತಿಂಗಳು ಬಂದರೆ ಸಾಕಿತ್ತು. ಈ ಬನಶಂಕರಿಯ ಹಂತಗಳ ಬಗ್ಗೆ ಒಂದು ಮಾತು. ಹನುಮಂತನಗರಕ್ಕೆ ಅಂಟಿಕೊಂಡಿರುವುದು ಒಂದನೇ ಹಂತ. ಆಮೇಲೆ ಎರಡು, ಮೂರು ಎನ್ನುತ್ತ ಬಿಡಿಎ ದಕ್ಷಿಣಕ್ಕೆ ನಡೆದು ನೈಸ್ ರಸ್ತೆಯನ್ನೂ ದಾಟಿ ಆರನೇ ಹಂತಕ್ಕೆ ಮುಟ್ಟಿದೆ. ಹೆಸರು ಅದೇ, ಊರು ಬೇರೆ. ನಡುವೆ ಹತ್ತು ಕಿಲೋಮೀಟರಿಗೂ ಹೆಚ್ಚು ಅಂತರ. ಮದುವೆ ಪತ್ರಿಕೆಯಲ್ಲಿ ‘ಬನಶಂಕರಿ’ ಎಂದು ಹಾಕಿಸಬಹುದು ಎನ್ನುವುದೊಂದೇ ಸಮಾಧಾನ. ನಾವು ಹೋದಾಗ ಅಲ್ಲಿ ರಸ್ತೆಗಳಿದ್ದವು, ಮೂಲೆಯ ಅಂಗಡಿಗಳಿರಲಿಲ್ಲ. ಸೈಟುಗಳಿದ್ದವು, ಮನೆಗಳು ಅಲ್ಲೊಂದು ಇಲ್ಲೊಂದು. ಕೊತ್ತಂಬರಿ ಸೊಪ್ಪಿಗೆ ಸ್ಕೂಟರ್ ಬೇಕು. ನಮ್ಮ ಅಮ್ಮಿ ಮೊದಲ ವಾರವೇ ದಖನಿಯಲ್ಲಿ ತೀರ್ಪು ಕೊಟ್ಟರು: “ಘರ್ ತೋ ಮಿಲ್ಯಾ, ಮೊಹಲ್ಲಾ ನೈ ಮಿಲ್ಯಾ.” ಮನೆಯೇನೋ ಸಿಕ್ಕಿತು, ಕೇರಿ ಸಿಗಲಿಲ್ಲ. ಹನುಮಂತನಗರದಲ್ಲಿ ಮಂಡಿನೋವಿನಲ್ಲೂ ದಿನಕ್ಕೆರಡು ಸಲ ಹೊರಗೆ ಹೋಗಿ ಹೂವಿನವಳ ಹತ್ತಿರ, ಔಷಧಿ ಅಂಗಡಿಯವನ ಹತ್ತಿರ ಮಾತಾಡಿ ಬರುತ್ತಿದ್ದ ಹೆಂಗಸು ಇಲ್ಲಿ ಬಾಲ್ಕನಿಯಲ್ಲಿ ಕುಳಿತು ಖಾಲಿ ಸೈಟಿನ ಕಳೆ ಗಿಡಗಳನ್ನು ನೋಡತೊಡಗಿದರು. ಎರಡು ವರ್ಷದಲ್ಲಿ ಅವರ ನಡಿಗೆ ಪೂರ್ತಿ ನಿಂತಿತು. ಡಾಕ್ಟರು ಮಂಡಿಯನ್ನು ಪರೀಕ್ಷಿಸಿದರು. ಬಡಾವಣೆಯನ್ನು ಪರೀಕ್ಷಿಸುವ ಡಾಕ್ಟರು ಇರಲಿಲ್ಲ.

ನನ್ನ ಅರ್ಧ ಗಂಟೆಯ ನಡಿಗೆ ಈಗ ಒಂದು ಕಡೆಗೆ ಒಂದೂವರೆ ಗಂಟೆಯ ಪ್ರಯಾಣವಾಯಿತು. ಮೊದಲು ಬಸ್ಸು, ಕನಕಪುರ ರಸ್ತೆಯ ದಟ್ಟಣೆ. 2017ರ ಜೂನಿನಲ್ಲಿ ಮೆಟ್ರೊ ಯಲಚೇನಹಳ್ಳಿಯವರೆಗೆ ಬಂತು. 2021ರ ಜನವರಿಯಲ್ಲಿ ನಮ್ಮ ತಲಘಟ್ಟಪುರಕ್ಕೂ ಬಂತು. ಮೆಟ್ರೊವನ್ನು ನಾನು ಹಳಿಯುವವಳಲ್ಲ. ಕೆ.ಆರ್. ಮಾರ್ಕೆಟ್ಟಿನಲ್ಲಿ ಇಳಿದರೆ ಶಾಲೆ ಹತ್ತಿರ, ಬೆವರಿಲ್ಲ, ಹೆಂಗಸರಿಗೆ ಕಿರಿಕಿರಿ ಕಡಿಮೆ. ಆದರೆ 2025ರ ಫೆಬ್ರವರಿಯಲ್ಲಿ ದರ ಏರಿಸಿ, ಅರವತ್ತು ರೂಪಾಯಿ ಇದ್ದ ಗರಿಷ್ಠ ಟಿಕೇಟು ತೊಂಬತ್ತು ಆದಾಗ, ನಮ್ಮ ಡಬ್ಬಿಯಲ್ಲಿ ನಿಂತಿರುತ್ತಿದ್ದ ಮನೆಗೆಲಸದ ಹೆಂಗಸರು, ಗಾರ್ಮೆಂಟ್ಸ್ ಹುಡುಗಿಯರು ಒಬ್ಬೊಬ್ಬರಾಗಿ ಕಾಣೆಯಾದರು. ಅವರು ಬಸ್ಸಿಗೆ ಹೋದರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟಿಲ್ಲ. ಅದನ್ನು ‘ಬಿಟ್ಟಿ ಭಾಗ್ಯ’ ಎಂದು ಆಡಿಕೊಳ್ಳುವವರಿದ್ದಾರೆ. ಮನೆಯನ್ನು ಕೆಲಸದಿಂದ ಅಷ್ಟು ದೂರ ತಳ್ಳಿದ್ದು ಯಾರು ಎಂದು ಅವರು ಕೇಳಿಕೊಳ್ಳುವುದಿಲ್ಲ. ಬಾಡಿಗೆಯಲ್ಲಿ ಉಳಿಸಿದ್ದನ್ನು ಪ್ರಯಾಣಕ್ಕೆ ಸುರಿಯುವ ಸಂಸಾರಗಳ ಲೆಕ್ಕ ಅವರಿಗೆ ಗೊತ್ತಿಲ್ಲ.

ಸರ್ಕಾರ ವಸತಿಗೆ ಒಂದು ಇಲಾಖೆ, ಸಾರಿಗೆಗೆ ಇನ್ನೊಂದು ಇಲಾಖೆ ಇಟ್ಟುಕೊಂಡಿದೆ. ನನ್ನಂಥವರ ಬದುಕಿನಲ್ಲಿ ಅವೆರಡೂ ಒಂದೇ ಖಾತೆ. ನನಗೆ ಹನುಮಂತನಗರದಲ್ಲಿ ಒಂದು ಸಣ್ಣ ಮನೆ ಸಿಕ್ಕಿದ್ದರೆ ಈ ನಗರ ನನ್ನನ್ನು ಹೊತ್ತು ಸಾಗಿಸಲು ಒಂದು ಪೈಸೆಯನ್ನೂ ಖರ್ಚು ಮಾಡಬೇಕಿರಲಿಲ್ಲ. ಈಗ ನೋಡಿ. ಮೆಟ್ರೊದ ಮೊದಲ ಹಂತ 42 ಕಿಲೋಮೀಟರಿಗೆ ಸುಮಾರು 14 ಸಾವಿರ ಕೋಟಿ ರೂಪಾಯಿ. ಅದು ಹೋಗಲಿ, ಜನರನ್ನು ಸಾಗಿಸುತ್ತದೆ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರಿನ ಉಕ್ಕಿನ ಮೇಲ್ಸೇತುವೆಗೆ 1,791 ಕೋಟಿ ಎಂದರು. ಆ ಅಕ್ಟೋಬರಿನಲ್ಲಿ ಸಾವಿರಾರು ಜನ ಕೈ ಕೈ ಹಿಡಿದು ಸರಪಳಿ ನಿಂತು ಬೇಡ ಎಂದ ಮೇಲೆ 2017ರ ಮಾರ್ಚಿನಲ್ಲಿ ಅದನ್ನು ಕೈಬಿಟ್ಟರು. ಆಮೇಲೆ ಬಂದದ್ದು ಸುರಂಗ ರಸ್ತೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 16.7 ಕಿಲೋಮೀಟರು, ಅಂದಾಜು 17 ಸಾವಿರ ಕೋಟಿಗೂ ಹೆಚ್ಚು. ಕಿಲೋಮೀಟರಿಗೆ ಸಾವಿರ ಕೋಟಿಗೂ ಮಿಗಿಲು. ಟೋಲು ಕೊಟ್ಟು ಕಾರಿನಲ್ಲಿ ಹೋಗುವವರಿಗಾಗಿ ಇದು. ಅದಕ್ಕಾಗಿ ಲಾಲ್‌ಬಾಗಿನ ಅಂಚಿನಲ್ಲಿ ಆರು ಎಕರೆ ಬಳಸುವ ಮಾತು ಬಂದಾಗ 2025ರಲ್ಲಿ ಜನ ಮತ್ತೆ ದನಿ ಎತ್ತಿದರು. ಹೈದರಾಲಿ 1760ರಲ್ಲಿ ತೋಟ ಮಾಡಲು ಆರಿಸಿಕೊಂಡ ಆ ಜಾಗದಲ್ಲಿ ಸುಮಾರು ಮುನ್ನೂರು ಕೋಟಿ ವರ್ಷ ಹಳೆಯ ಬಂಡೆಯಿದೆ. ಸಂಜೆ ಅದರ ಮೇಲೆ ಕುಳಿತು ಕಡಲೆಕಾಯಿ ತಿನ್ನಲು ಯಾರ ಹೆಸರನ್ನೂ ಯಾರೂ ಕೇಳುವುದಿಲ್ಲ.

ಬಿಎಂಟಿಸಿಯ ಸುಮಾರು ಏಳು ಸಾವಿರ ಬಸ್ಸುಗಳು ದಿನಕ್ಕೆ ನಲವತ್ತು ಲಕ್ಷಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊರುತ್ತವೆ, ಮೆಟ್ರೊ ಹೊರುವುದರ ನಾಲ್ಕು ಪಟ್ಟಿನಷ್ಟು. ಅವಕ್ಕೆ ಸಿಗುವ ರಸ್ತೆ ಎಷ್ಟು? 2019ರ ಅಕ್ಟೋಬರಿನಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆಂದೇ ಒಂದು ಪಥ ಮಾಡಿದರು. ಬೊಲ್ಲಾರ್ಡುಗಳನ್ನು ನೆಟ್ಟರೆ ಮುಗಿಯುವ ಕೆಲಸ. ಬಸ್ಸುಗಳು ಬೇಗ ತಲುಪತೊಡಗಿದವು. ಆಮೇಲೆ ಕೊರೊನಾ ಬಂತು, ಮೆಟ್ರೊ ಕಾಮಗಾರಿ ಬಂತು, ಬಸ್ಸಿನ ಪಥ ಹೋಯಿತು. ದಕ್ಷಿಣ ಅಮೆರಿಕದ ಬೊಗೊಟಾ ನಗರದಲ್ಲಿ ಎನ್ರಿಕೆ ಪೆನ್ಯಲೋಸ ಎಂಬ ಮೇಯರು 2000ದ ಕೊನೆಯಲ್ಲಿ ಇಂಥದೇ ಪಥಗಳ ಮೇಲೆ ಬಸ್ಸು ಓಡಿಸಿದರು. ಬಸ್ಸಿನಲ್ಲಿ ನೂರು ಜನ ಇದ್ದರೆ ಒಬ್ಬನ ಕಾರಿಗಿಂತ ನೂರು ಪಟ್ಟು ರಸ್ತೆ ಅದಕ್ಕೆ ಸಲ್ಲಬೇಕು ಎಂಬುದು ಅವರ ವಾದ. ನಮ್ಮ ಮಾಧ್ಯಮಿಕ ಶಾಲೆಯ ಮಕ್ಕಳಿಗೂ ಅರ್ಥವಾಗುವ ಗಣಿತ. ವಿಧಾನಸೌಧದ ಪಾರ್ಕಿಂಗ್ ಜಾಗದಲ್ಲಿ ಬಹುಶಃ ಬೇರೆ ಗಣಿತ ನಡೆಯುತ್ತದೆ.

ವಸತಿ ಮತ್ತು ಸಾರಿಗೆ ಎರಡೂ ಒಂದೇ ಜಾಗದಲ್ಲಿ ಸೋತದ್ದನ್ನು ನೋಡಬೇಕೆಂದರೆ ಈಜಿಪುರಕ್ಕೆ ಹೋಗಬೇಕು. ಕೋರಮಂಗಲದ ಅಂಚಿನಲ್ಲಿ ಹದಿನೈದು ಎಕರೆಗೂ ಹೆಚ್ಚು ಜಾಗದಲ್ಲಿ ಪಾಲಿಕೆ ಬಡವರಿಗೆಂದು ಕಟ್ಟಿಸಿದ್ದ ಮನೆಗಳಿದ್ದವು. ಕಳಪೆ ಕೆಲಸ, ಕೆಲವು ಬ್ಲಾಕುಗಳು ಕುಸಿದವು. ಮತ್ತೆ ಕಟ್ಟಿಕೊಡುತ್ತೇವೆ ಎಂದು ಖಾಸಗಿ ಸಂಸ್ಥೆಯೊಂದಿಗೆ ಒಪ್ಪಂದವಾಯಿತು, ಜಾಗದ ಸುಮಾರು ಅರ್ಧ ಭಾಗ ಮಾಲಿಗೆ ಎಂದು. 2013ರ ಜನವರಿಯಲ್ಲಿ ಬುಲ್ಡೋಜರುಗಳು ಬಂದು ತಗಡಿನ ಶೆಡ್ಡುಗಳನ್ನೂ ನೆಲಸಮ ಮಾಡಿದವು. ಸಾವಿರದೈನೂರರಷ್ಟು ಸಂಸಾರಗಳು ಬೀದಿಗೆ ಬಿದ್ದವು. ಹೆಂಗಸರಲ್ಲಿ ಬಹಳ ಮಂದಿ ಕೋರಮಂಗಲದ ಮನೆಗಳಲ್ಲಿ ಪಾತ್ರೆ ತೊಳೆಯುವವರು, ನಡೆದೇ ಕೆಲಸಕ್ಕೆ ಹೋಗುತ್ತಿದ್ದವರು. ನಗರದ ಹೊರಗೆ ಜಾಗ ತೋರಿಸಿದರು. ಕೆಲವರು ಹೋಗಲಾರದೆ ಅಲ್ಲೇ ಕಾಂಪೌಂಡಿನ ಪಕ್ಕ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ವರ್ಷಗಟ್ಟಲೆ ಬದುಕಿದರು. ಅದೇ ಈಜಿಪುರದಲ್ಲಿ 2017ರಲ್ಲಿ ಎರಡೂವರೆ ಕಿಲೋಮೀಟರಿನ ಮೇಲ್ಸೇತುವೆ ಶುರುವಾಯಿತು. ಎಂಟು ವರ್ಷ ಕಳೆದು 2025 ಬಂದರೂ ಅದು ಮುಗಿದಿರಲಿಲ್ಲ. ಕಂಬಗಳು ಮಾತ್ರ ಆಕಾಶ ನೋಡುತ್ತ ನಿಂತಿದ್ದವು.

ಒಳ್ಳೆಯದೂ ಆಗಿಲ್ಲವೆಂದಲ್ಲ. ನಮ್ಮ ಗಾಂಧಿಬಜಾರನ್ನೇ ತೆಗೆದುಕೊಳ್ಳಿ. ಅಲ್ಲಿ 2022ರ ಕೊನೆಯಲ್ಲಿ ರಸ್ತೆ ಅಗೆದು ಫುಟ್‌ಪಾತನ್ನು ಅಗಲ ಮಾಡುವ ಕೆಲಸ ಶುರುವಾಯಿತು. ವಾಹನಗಳಿಗೆ ಪ್ರವೇಶವೇ ಬೇಡ ಎಂಬ ಆಲೋಚನೆ ಮೊದಲಿತ್ತು. ಅಂಗಡಿಯವರು ಗಿರಾಕಿ ಬರುವುದಿಲ್ಲವೆಂದು ವಿರೋಧಿಸಿದರು, ಮರಗಳಿಗಾಗಿ ನಿವಾಸಿಗಳು ಜಗಳವಾಡಿದರು, ಹೂವಿನವರು ಹಣ್ಣಿನವರು ನಾವೆಲ್ಲಿಗೆ ಹೋಗೋಣ ಎಂದರು. ಕೆಲಸ ಎಳೆದು ಎಳೆದು ಸಾಗಿತು. ವಾಹನಗಳು ಮರಳಿ ಬಂದವು. ಆದರೂ ಫುಟ್‌ಪಾತು ಉಳಿಯಿತು. ವಿದ್ಯಾರ್ಥಿ ಭವನದ ಮುಂದೆ ದೋಸೆಗೆ ಕಾಯುವವರು ಈಗ ಗಟಾರದ ಮೇಲೆ ನಿಲ್ಲಬೇಕಿಲ್ಲ. ಬೀದಿ ವ್ಯಾಪಾರಿಗಳ ಕಾಯಿದೆ 2014ರಲ್ಲೇ ಬಂದಿದ್ದರೂ, ಬೀದಿಯನ್ನು ಚಂದ ಮಾಡುವಾಗ ಮೊದಲು ಎಬ್ಬಿಸುವುದು ಅವರನ್ನೇ ಎಂಬ ಅಭ್ಯಾಸ ಮಾತ್ರ ಹೋಗಿಲ್ಲ. ಬೀದಿಯ ಮೇಲೆ ಕಣ್ಣಿಡುವವರು ಇದ್ದರೇ ಬೀದಿ ಸುರಕ್ಷಿತ ಎಂದು ಜೇನ್ ಜೇಕಬ್ಸ್ ಎಂಬ ಅಮೆರಿಕದ ಲೇಖಕಿ 1961ರಷ್ಟು ಹಿಂದೆಯೇ ವಾದಿಸಿದ್ದರು. ರಾತ್ರಿ ಒಂಬತ್ತಕ್ಕೆ ಶಾಲೆಯ ಕಾರ್ಯಕ್ರಮ ಮುಗಿಸಿ ಒಬ್ಬಳೇ ಬರುವಾಗ ನನಗೆ ಧೈರ್ಯ ಕೊಟ್ಟಿದ್ದು ಕಂಬದ ದೀಪವಲ್ಲ, ಅದರ ಕೆಳಗೆ ಮಲ್ಲಿಗೆ ಕಟ್ಟುತ್ತ ಕುಳಿತಿರುತ್ತಿದ್ದ ಹೆಂಗಸು.

ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಬುಲ್ ಟೆಂಪಲ್ ರಸ್ತೆಯನ್ನು ವಾಹನಗಳಿಗೆ ಮುಚ್ಚುತ್ತಾರೆ. ಲಕ್ಷಾಂತರ ಜನ ನಡೆದು ಬರುತ್ತಾರೆ, ಮಕ್ಕಳು ಹೆಗಲ ಮೇಲೆ, ಮುದುಕರು ಕೋಲು ಹಿಡಿದು. ಸಿಪ್ಪೆಯ ಮೇಲೆ ಕಾಲಿಟ್ಟರೆ ಚರಚರ ಸದ್ದು. ನಾವಿದ್ದಷ್ಟು ವರ್ಷವೂ ಅಮ್ಮಿ ತಪ್ಪಿಸಿದವರಲ್ಲ. ಆ ದಿನ ಅಂಗಡಿಗಳಿಗೆ ಗಿರಾಕಿ ಬರಲಿಲ್ಲ ಎಂದು ದೂರಿದವರನ್ನು ನಾನಂತೂ ನೋಡಿಲ್ಲ. ಅದೇ ರಸ್ತೆ ಮಂಗಳವಾರ ಕಳೆದು ಬುಧವಾರ ಮೋಟಾರುಗಳ ವಶವಾಗುತ್ತದೆ, ಬಿಎಂಎಸ್ ಕಾಲೇಜಿನ ಮುಂದೆ ದಾಟಲು ನಿಂತವರು ನಿಂತೇ ಇರುತ್ತಾರೆ. ನಡೆಯಲು ಯೋಗ್ಯವಾದ ಫುಟ್‌ಪಾತು ಜೀವಿಸುವ ಹಕ್ಕಿನ ಭಾಗವೇ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆ ತೀರ್ಪನ್ನು ಓದಿದ ಎಂಜಿನಿಯರು ನಮ್ಮ ಕಡೆ ಬಂದರೆ ಆಗಬಹುದು.

ಇದನ್ನೆಲ್ಲ ಯಾರನ್ನು ಕೇಳುವುದು? 2020ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಕಾರ್ಪೊರೇಟರುಗಳ ಅವಧಿ ಮುಗಿಯಿತು. 2025ರ ಸೆಪ್ಟೆಂಬರಿನಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಒಡೆದು ಮೇಲೊಂದು ಪ್ರಾಧಿಕಾರ ಇಟ್ಟರು. ಆ ವರ್ಷ ಮುಗಿಯುವವರೆಗೂ, ಐದು ವರ್ಷಕ್ಕೂ ಮಿಕ್ಕಿ, ಒಂದು ಕೋಟಿಗೂ ಹೆಚ್ಚು ಜನರ ನಗರಕ್ಕೆ ಒಬ್ಬನೇ ಒಬ್ಬ ಚುನಾಯಿತ ಕಾರ್ಪೊರೇಟರ್ ಇರಲಿಲ್ಲ. 2031ರವರೆಗಿನ ಮಹಾಯೋಜನೆಯ ಕರಡನ್ನು 2017ರಲ್ಲಿ ತಂದು 2020ರಲ್ಲಿ ಹಿಂದಕ್ಕೆ ಪಡೆದರು. ನಗರ 2025ರಲ್ಲೂ ನಡೆಯುತ್ತಿದ್ದದ್ದು 2015ಕ್ಕೆ ಮುಗಿಯಬೇಕಿದ್ದ ಹಳೆಯ ಯೋಜನೆಯ ಮೇಲೆ. ಸಾವಿರ ಕೋಟಿಗಳ ಸುರಂಗವಾದರೆ ಯೋಜನೆ ಇಲ್ಲದೆಯೂ ತೋಡಬಹುದು. ಒಂದು ಬಸ್ ಸ್ಟಾಪು ಎಲ್ಲಿರಬೇಕೆಂದು ಹೇಳಲು ಮಾತ್ರ ವಾರ್ಡಿನ ಗುರುತಿರುವವನೇ ಬೇಕು.

ಮತ ಕೇಳಲು ಬರುವವರಿಗೆಂದು ನಮ್ಮ ರಸ್ತೆಯ ಹೆಂಗಸರು ಸೇರಿ ಒಂದು ಚೀಟಿ ಮಾಡಿಟ್ಟಿದ್ದೇವೆ. ಬರೆದವಳು ನಾನು, ಕನ್ನಡದಲ್ಲಿ ಒಂದು ಪ್ರತಿ, ಉರ್ದುವಿನಲ್ಲಿ ಒಂದು. ಮೆಟ್ರೊ ಸ್ಟೇಷನ್ನಿನಿಂದ ಒಳಬಡಾವಣೆಗೆ ಕಾಲು ಗಂಟೆಗೊಂದು ಸಣ್ಣ ಬಸ್ಸು. ಸ್ಟೇಷನ್ನಿನ ಎದುರು ಕನಕಪುರ ರಸ್ತೆ ದಾಟಲು ಸಿಗ್ನಲ್ಲು, ಮುದುಕರು ದಾಟುವಷ್ಟು ಸೆಕೆಂಡುಗಳ ಸಿಗ್ನಲ್ಲು. ಬಿಡಿಎಯ ಖಾಲಿ ಮೂಲೆ ಸೈಟುಗಳನ್ನು ಹರಾಜು ಹಾಕುವ ಬದಲು ಅಲ್ಲಲ್ಲಿ ಹತ್ತು ಹನ್ನೆರಡು ಸಣ್ಣ ಬಾಡಿಗೆ ಮನೆಗಳನ್ನು ಸರ್ಕಾರವೇ ಕಟ್ಟಿಸಲಿ, ಹಂಚುವಾಗ ಚೀಟಿ ಎತ್ತಲಿ, ಹೆಸರು ನೋಡದಿರಲಿ ಎಂಬುದು ನಾನು ಸೇರಿಸಿದ್ದು. ಪಕ್ಕದ ಮನೆಯ ಸರೋಜಮ್ಮ ಅದನ್ನು ಓದಿ, “ಟೀಚರೇ, ಅಂಥ ಮನೆ ಹನುಮಂತನಗರದಲ್ಲೂ ಒಂದಷ್ಟು ಕಟ್ಟಿಸೋಕೆ ಹೇಳಿ, ನಾವೂ ಬರ್ತೀವಿ” ಎಂದರು. ಅವರ ತವರುಮನೆ ಅಲ್ಲಿನ ಮೌಂಟ್ ಜಾಯ್ ರಸ್ತೆಯ ಹತ್ತಿರವಿತ್ತಂತೆ. ಅದನ್ನೂ ಚೀಟಿಯಲ್ಲಿ ಸೇರಿಸಿದೆ.